ಆಪರೇಷನ್ ಆಯಿತು, ಇನ್ನು ಮನೆಯವರ ಪಾಳಿ

ಕ್ಯಾನ್ಸರ್ ಆಪರೇಷನ್ ಎಂದೊಡನೆ ಕಣ್ಣಿಗೆ ಕಟ್ಟುವುದು ಥಿಯೇಟರಿನ ಮುಚ್ಚಿದ ಬಾಗಿಲು, ಅದರ ಮೇಲೆ ಉರಿಯುವ ಕೆಂಪು ದೀಪ. ವೈದ್ಯರು ಹೊರಗೆ ಬಂದು ‘ಎಲ್ಲ ಸರಿಯಾಗಿ ಆಯಿತು’ ಎಂದರೆ ಸಿನಿಮಾದಲ್ಲಾದರೆ ಅಲ್ಲಿಗೆ ಶುಭಂ. ಮನೆಗಳಲ್ಲಿ ಹಾಗಲ್ಲ. ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಂಗಸು ಎಲ್ಲವೂ ನೆಟ್ಟಗಿದ್ದರೆ ಕೆಲವೇ ದಿನಗಳಲ್ಲಿ ಮನೆಗೆ ಬರುತ್ತಾಳೆ. ಆಮೇಲೆ ಕೀಮೋಥೆರಪಿ, ರೇಡಿಯೇಷನ್ ಎಂದು ತಿಂಗಳುಗಟ್ಟಲೆ ಓಡಾಟ. ಹಲವರಿಗೆ ದಿನಕ್ಕೊಂದು ಮಾತ್ರೆ ಐದು ವರ್ಷ, ಕೆಲವೊಮ್ಮೆ ಹತ್ತು ವರ್ಷ. ಇಷ್ಟೂ ಕಾಲ ಅವಳ ಪಕ್ಕದಲ್ಲಿ ಇರುವವರು ಸರ್ಜನ್ ಅಲ್ಲ, ನರ್ಸ್ ಅಲ್ಲ. ಮನೆಯ ಯಜಮಾನರು.

ತೊಂದರೆ ಏನೆಂದರೆ, ಈ ಯಜಮಾನರಿಗೆ ಆ ಕೆಲಸವನ್ನು ಯಾರೂ ಕಲಿಸಿಲ್ಲ. ನಮ್ಮಲ್ಲಿ ಗಂಡನಿಗೆ ಕಾಯಿಲೆಯಾದರೆ ಹೆಂಡತಿ ಏನು ಮಾಡಬೇಕೆಂಬುದಕ್ಕೆ ಪುರಾಣ, ಹಾಡು, ಹಸೆ ಎಲ್ಲದರಲ್ಲೂ ಪಾಠವಿದೆ. ಹೆಂಡತಿ ಹಾಸಿಗೆ ಹಿಡಿದರೆ ಗಂಡ ಏನು ಮಾಡಬೇಕು ಎಂಬುದಕ್ಕೆ ತವರುಮನೆಗೆ ಕಾಗದ ಬರೆಯುವುದೊಂದೇ ಉತ್ತರವಾಗಿತ್ತು. ಈಗ ತವರಿನಲ್ಲೂ ಬಿಡುವಾಗಿ ಕುಳಿತವರು ಯಾರೂ ಇಲ್ಲ. ಭಾರತದ ಹೆಂಗಸರಲ್ಲಿ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವ ಕ್ಯಾನ್ಸರ್ ಸ್ತನದ್ದೇ. ಮಕ್ಕಳು ಇನ್ನೂ ಎಸ್ಸೆಸ್ಸೆಲ್ಸಿ, ಪಿಯುಸಿ ಓದುತ್ತಿರುವ ವಯಸ್ಸಿನಲ್ಲೇ ಎಷ್ಟೋ ತಾಯಂದಿರಿಗೆ ಇದು ಬರುತ್ತದೆ. ಆದ್ದರಿಂದ ಇದು ಗಂಡ ಹೆಂಡಿರ ವಿಷಯವಷ್ಟೇ ಅಲ್ಲ, ಇಡೀ ಮನೆಯದು.

‘ಅವಳಿಗೆ ಹೇಳಬೇಡಿ’

ಬಯಾಪ್ಸಿಯ ವರದಿ ಬಂದ ದಿನ ನಮ್ಮ ಆಸ್ಪತ್ರೆಗಳಲ್ಲಿ ವೈದ್ಯರು ಕೇಳುವ ಮೊದಲ ಮಾತು ಬಹಳ ಸಲ ಇದೇ: ‘ಡಾಕ್ಟ್ರೇ, ಅವಳಿಗೆ ಹೇಳಬೇಡಿ, ತಡ್ಕೊಳ್ಳಲ್ಲ.’ ಹೇಳುವ ಗಂಡನ ಪ್ರೀತಿಯಲ್ಲಿ ಸಂಶಯವಿಲ್ಲ. ಆದರೆ ಮೈಯ ಒಂದು ಅಂಗ ಹೋಗುವುದು ಅವಳದ್ದು, ಕೂದಲು ಉದುರುವುದು ಅವಳದ್ದು. ಕ್ಯಾನ್ಸರ್ ಎಂದು ಬೋರ್ಡು ಹಾಕಿದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ‘ಸಣ್ಣ ಗಡ್ಡೆ ಅಷ್ಟೆ’ ಎಂದರೆ ನಂಬುವಷ್ಟು ದಡ್ಡಿ ಯಾವ ಗೃಹಿಣಿಯೂ ಅಲ್ಲ. ಅವಳಿಗೆ ಗೊತ್ತಾಗಿರುತ್ತದೆ. ಗಂಡನಿಗೆ ನೋವಾಗಬಾರದೆಂದು ಗೊತ್ತಿಲ್ಲದವಳಂತೆ ಇರುತ್ತಾಳೆ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತಾ ಒಂದೇ ಕೋಣೆಯಲ್ಲಿ ಒಂಟಿಯಾಗಿ ಅಳುತ್ತಾರೆ.

ಇದು ಇಂದಿನ ಕಥೆಯೂ ಅಲ್ಲ, ನಮ್ಮ ದೇಶದ್ದು ಮಾತ್ರವೂ ಅಲ್ಲ. ಫ್ಯಾನಿ ಬರ್ನಿ ಎಂಬ ಇಂಗ್ಲಿಷ್ ಕಾದಂಬರಿಗಾರ್ತಿಗೆ 1811ರ ಸೆಪ್ಟೆಂಬರ್ 30ರಂದು ಪ್ಯಾರಿಸಿನ ಅವರ ಮನೆಯಲ್ಲೇ ಸ್ತನದ ಶಸ್ತ್ರಚಿಕಿತ್ಸೆ ನಡೆಯಿತು. ಕತ್ತಿ ಹಿಡಿದವರಲ್ಲಿ ಮುಖ್ಯರು ನೆಪೋಲಿಯನ್ನನ ಸೈನ್ಯದ ಹೆಸರಾಂತ ಶಸ್ತ್ರವೈದ್ಯ ಲಾರ‍್ರೆ. ಅರಿವಳಿಕೆ ಎಂಬುದು ಆಗಿನ್ನೂ ಬಂದಿರಲಿಲ್ಲ. ಆ ಹೊತ್ತಿನಲ್ಲಿ ಗಂಡ ಮನೆಯಲ್ಲಿರಬಾರದು, ಅವನು ಅದನ್ನು ತಡೆದುಕೊಳ್ಳಲಾರ ಎಂದು ಫ್ಯಾನಿಯೇ ಉಪಾಯ ಮಾಡಿ ಆತನನ್ನು ಹೊರಗೆ ಇರಿಸಿದ್ದರು. ನಡೆದದ್ದನ್ನೆಲ್ಲ ತಿಂಗಳುಗಳ ನಂತರ ಅಕ್ಕನಿಗೆ ಪತ್ರದಲ್ಲಿ ಬರೆದರು. ಬರೆಯುವಾಗಲೂ ಕೈ ನಡುಗುವಷ್ಟು ಆ ನೆನಪು ಹಸಿಯಾಗಿತ್ತು. ಆಕೆ 1840ರವರೆಗೆ ಬದುಕಿದರು ಎಂಬುದನ್ನೂ ಹೇಳಬೇಕು.

ಹೇಳುವುದು ಹೇಗೆ ಎಂಬುದು ಬೇರೆ ಪ್ರಶ್ನೆ. ಒಂದೇ ದಿನ ಎಲ್ಲವನ್ನೂ ಸುರಿಯಬೇಕಾಗಿಲ್ಲ. ವೈದ್ಯರ ಎದುರಿಗೆ ಇಬ್ಬರೂ ಜೊತೆಯಾಗಿ ಕುಳಿತರೆ ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ. ಸ್ತನವನ್ನು ಪೂರ್ತಿ ತೆಗೆಯಬೇಕೇ, ಗಡ್ಡೆಯನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೆ ಸಾಕೇ ಎಂಬ ಪ್ರಶ್ನೆ ಅಲ್ಲಿ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದ ಹಾಲ್‌ಸ್ಟೆಡ್ ರೂಢಿಗೆ ತಂದ ಶಸ್ತ್ರಚಿಕಿತ್ಸೆಯಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಮುಕ್ಕಾಲು ಶತಮಾನ ಅದೇ ನಡೆಯಿತು. ಬರ್ನಾರ್ಡ್ ಫಿಷರ್ ಮತ್ತು ಸಂಗಡಿಗರು 1976ರಲ್ಲಿ ಶುರುಮಾಡಿದ ಅಧ್ಯಯನದ ಇಪ್ಪತ್ತು ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾದಾಗ, ಗಡ್ಡೆಯಷ್ಟೇ ತೆಗೆಸಿ ರೇಡಿಯೇಷನ್ ಪಡೆದವರೂ ಪೂರ್ತಿ ತೆಗೆಸಿದವರೂ ಬದುಕುಳಿದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಲ್ಲರಿಗೂ ಗಡ್ಡೆಯಷ್ಟೇ ತೆಗೆಯುವುದು ಆಗದು. ಗಡ್ಡೆಯ ಗಾತ್ರ, ಜಾಗ, ರೇಡಿಯೇಷನ್ನಿಗೆ ಬಂದು ಹೋಗುವ ಅನುಕೂಲ ಎಲ್ಲ ನೋಡಬೇಕು. ‘ಏನಾದರಾಗಲಿ, ಪೂರ್ತಿ ತೆಗೆದುಬಿಡಿ ಸಾರ್’ ಎಂದು ಹೆಂಡತಿಯನ್ನು ಕೇಳದೆ ಗಂಡನೇ ಹೇಳಿಬಿಡುವುದು ಮಾತ್ರ ಸರಿಯಲ್ಲ.

ಬಾಟಲಿ, ಬಳೆ, ಈಳಿಗೆ ಮಣೆ

ಮನೆಗೆ ಬರುವಾಗ ಬಹಳ ಜನರಿಗೆ ಗಾಯದ ಪಕ್ಕದಿಂದ ಒಂದು ಸಣ್ಣ ಕೊಳವೆ, ಅದರ ತುದಿಗೆ ಪ್ಲಾಸ್ಟಿಕ್ ಬಾಟಲಿ ಇರುತ್ತದೆ. ಇದಕ್ಕೆ ಡ್ರೇನ್ ಎನ್ನುತ್ತಾರೆ. ಒಳಗೆ ಊರುವ ನೀರು ಹೊರಗೆ ಬರಲಿ ಎಂದು ಇಟ್ಟದ್ದು. ಮೊದಲು ಕೆಂಪಗೆ ಬರುತ್ತದೆ, ದಿನ ಕಳೆದಂತೆ ತಿಳಿ ಹಳದಿಗೆ ತಿರುಗುತ್ತದೆ. ಅದನ್ನು ದಿನವೂ ಅದೇ ಹೊತ್ತಿಗೆ ಅಳೆದು, ಎಷ್ಟು ಮಿಲಿಲೀಟರ್ ಎಂದು ಬರೆದಿಡಬೇಕು. ಸಾಮಾನ್ಯವಾಗಿ ದಿನಕ್ಕೆ 20–30 ಮಿಲಿಲೀಟರಿಗಿಂತ ಕಡಿಮೆಯಾದ ಮೇಲೆ ಕೊಳವೆ ತೆಗೆಯುತ್ತಾರೆ. ಗಂಡಸರಿಗೆ ಒಗ್ಗುವ ಕೆಲಸ ಇದು, ಲೆಕ್ಕ ಬರೆಯುವುದು. ಆದರೆ ಆ ಬಾಟಲಿಯನ್ನು ಕೈಯಲ್ಲಿ ಹಿಡಿಯಲು ಮೊದಲ ದಿನ ಧೈರ್ಯ ಬೇಕು. ಮುಖ ಕಿವಿಚದೆ ಅದನ್ನು ಖಾಲಿ ಮಾಡಿ ಕೈ ತೊಳೆದುಕೊಂಡು ಬಂದ ಗಂಡನನ್ನು ಹೆಂಡತಿ ಗಮನಿಸುತ್ತಿರುತ್ತಾಳೆ. ಕೈ ತೊಳೆಯುವುದು ಬಾಟಲಿ ಮುಟ್ಟುವ ಮುಂಚೆಯೂ ಆಗಬೇಕು ಎಂಬುದನ್ನು ಮರೆಯಬಾರದು. ಕೊಳವೆ ತೆಗೆದ ಮೇಲೆ ಗಾಯದ ಕೆಳಗೆ ನೀರು ತುಂಬಿ ಊದಿಕೊಂಡರೆ ಹೆದರಬೇಕಿಲ್ಲ, ಆಸ್ಪತ್ರೆಯಲ್ಲಿ ಸೂಜಿಯಿಂದ ತೆಗೆಯುತ್ತಾರೆ. ಮನೆಯಲ್ಲಿ ಒತ್ತಿ ನೋಡಬಾರದು ಅಷ್ಟೆ.

ಬಟ್ಟೆಯ ವಿಷಯ ಸಣ್ಣದು ಎನಿಸಬಹುದು. ಕೈಯನ್ನು ಮೇಲೆತ್ತಲು ಆಗದವಳಿಗೆ ತಲೆಯ ಮೇಲಿಂದ ಹಾಕುವ ನೈಟಿ, ಬಿಗಿಯಾದ ರವಿಕೆ ಎರಡೂ ಶಿಕ್ಷೆಯೇ. ಮುಂದೆ ಗುಂಡಿಯಿರುವ, ಒಂದು ಅಳತೆ ದೊಡ್ಡದಾದ ಹತ್ತಿಯ ಬಟ್ಟೆ ನಾಲ್ಕು ಹೊಲಿಸಿಟ್ಟರೆ, ಡ್ರೇನ್ ಬಾಟಲಿಗೆ ಒಳಗಡೆ ಒಂದು ಜೇಬೂ ಇಡಿಸಿದರೆ, ‘ರೀ, ಸ್ವಲ್ಪ ಬರ್ತೀರಾ’ ಎಂದು ದಿನಕ್ಕೆ ಹತ್ತು ಸಲ ಕೂಗುವ ಸಂಕೋಚ ಅವಳಿಗೆ ತಪ್ಪುತ್ತದೆ. ಬೇರೆಯವರನ್ನು ಕರೆಯಬೇಕಾಗಿ ಬರುವುದೇ ನಮ್ಮ ಹೆಂಗಸರಿಗೆ ನೋವಿಗಿಂತ ದೊಡ್ಡ ನೋವು.

ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಆ ಬದಿಯ ಕೈ ಮುಂದೆ ಊದಿಕೊಳ್ಳುವ ಸಾಧ್ಯತೆ ಇರುತ್ತದೆ. ದುಗ್ಧರಸ ಹರಿದು ಹೋಗುವ ದಾರಿ ಕಿರಿದಾಗಿರುವುದೇ ಕಾರಣ. ಈ ಊತ ತಿಂಗಳಲ್ಲಿ ಬರಬಹುದು, ಕೆಲವು ವರ್ಷಗಳಾದ ಮೇಲೂ ಬರಬಹುದು, ಬರದೆಯೂ ಇರಬಹುದು. ಆದ್ದರಿಂದ ಆ ಕೈಯ ಬಳೆ, ಉಂಗುರ ಬಿಗಿಯಾಗುತ್ತಿವೆಯೇ ಎಂದು ನೋಡುತ್ತಿರಬೇಕು. ‘ಮುತ್ತೈದೆ ಕೈ ಬರಿದಾಗಬಾರದು’ ಎಂದು ಅತ್ತೆಯವರು ಆಕ್ಷೇಪಿಸಿದರೆ ಇನ್ನೊಂದು ಕೈಯಲ್ಲಿ ಎರಡು ಹೆಚ್ಚಿಗೆ ಹಾಕಿಕೊಳ್ಳಬಹುದು. ಈ ಮಾತನ್ನು ಅತ್ತೆಗೆ ಹೇಳಬೇಕಾದವನು ಮಗ, ಸೊಸೆಯಲ್ಲ.

ಆ ಕೈಗೆ ಗಾಯವಾದರೆ ಸೋಂಕು ಬೇಗ ಹರಡುತ್ತದೆ. ನಮ್ಮ ಅಡುಗೆಮನೆಯಲ್ಲಿ ಗಾಯಕ್ಕೆ ನೂರು ದಾರಿ: ಈಳಿಗೆ ಮಣೆ, ಕುಕ್ಕರಿನ ಹಬೆ, ಒಗ್ಗರಣೆಯ ಸಿಡಿತ, ಪಾತ್ರೆ ಉಜ್ಜುವ ತಂತಿ. ತೋಳಿನ ಒಳಭಾಗ ಮರಗಟ್ಟಿದಂತಿರುವುದರಿಂದ ಸುಟ್ಟದ್ದು ತಕ್ಷಣ ತಿಳಿಯುವುದೂ ಇಲ್ಲ. ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅರಿಶಿನ ಹಚ್ಚಿ ಕಾಯುವ ಹೊತ್ತಲ್ಲ ಅದು. ಅಂದೇ ವೈದ್ಯರ ಬಳಿ ಹೋಗಬೇಕು. ರಕ್ತ ತೆಗೆಯುವುದು, ಬಿಪಿ ನೋಡುವುದು ಇನ್ನೊಂದು ಕೈಯಲ್ಲಿ ಆಗಲಿ ಎಂದು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಹೇಳುತ್ತಾರೆ.

ಗೋಡೆಯ ಮೇಲೆ ಬೆರಳ ನಡಿಗೆ

ನೋವಿಗೆ ಹೆದರಿ ಕೈಯನ್ನು ಎದೆಗೆ ಅವುಚಿಕೊಂಡೇ ಕೂತರೆ ಭುಜ ಸೆಟೆದುಕೊಳ್ಳುತ್ತದೆ. ಆಮೇಲೆ ರೇಡಿಯೇಷನ್ ಕೊಡುವಾಗ ಕೈಯನ್ನು ತಲೆಯ ಮೇಲೆ ಚಾಚಿ ಮಲಗಲೂ ಆಗುವುದಿಲ್ಲ. ಅದಕ್ಕೇ ಆಪರೇಷನ್ನಿನ ಮರುದಿನದಿಂದಲೇ ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಚುವುದು ಇತ್ಯಾದಿ ಶುರುಮಾಡಿಸುತ್ತಾರೆ. ಕೊಳವೆ ತೆಗೆದ ಮೇಲೆ, ವೈದ್ಯರು ಸರಿ ಎಂದ ಮೇಲೆ, ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಜೇಡದಂತೆ ಮೇಲೆ ಮೇಲೆ ನಡೆಸುವ ವ್ಯಾಯಾಮ ಬರುತ್ತದೆ. ಇವತ್ತು ಎಲ್ಲಿಯವರೆಗೆ ಹೋಯಿತೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆಯುವುದು, ನಾಳೆ ಅದರ ಮೇಲೆ ಇನ್ನೊಂದು. ಮಕ್ಕಳು ಎತ್ತರ ಬೆಳೆದದ್ದನ್ನು ಗುರುತು ಹಾಕುವ ಗೋಡೆ ಎಷ್ಟೋ ಮನೆಗಳಲ್ಲಿದೆ. ಅದರ ಪಕ್ಕದಲ್ಲೇ ಅಮ್ಮನ ಗೆರೆಗಳೂ ಏರಲಿ. ಬಣ್ಣ ಹೊಡೆಸಿದ ಗೋಡೆ ಎಂದು ಯಜಮಾನರು ಗೊಣಗಬಾರದು.

ಇಲ್ಲಿ ಗಂಡಂದಿರು ಎರಡು ರೀತಿ ಎಡವುತ್ತಾರೆ. ಕೆಲವರು ‘ಏನೂ ಮಾಡಬೇಡ, ಕೂತಿರು’ ಎಂದು ಲೋಟವನ್ನೂ ಎತ್ತಗೊಡುವುದಿಲ್ಲ. ಇನ್ನು ಕೆಲವರು ಗಾಯ ಒಣಗಿತೆಂದರೆ ಎಲ್ಲ ಮುಗಿಯಿತೆಂದು ತಿಳಿದು, ಬೆಳಗಿನ ಕಾಫಿಗೆ ಮೊದಲಿನಂತೆಯೇ ಕಾಯುತ್ತಾರೆ. ಮೊದಲ ಕೆಲವು ವಾರ ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಒದ್ದೆ ಬಟ್ಟೆಯ ಬಕೀಟು ಮುಟ್ಟಬಾರದು, ನಿಜ. ಆದರೆ ‘ಜನ್ಮದಲ್ಲಿ ಆ ಕೈಯಿಂದ ಭಾರ ಎತ್ತಬೇಡ’ ಎಂಬ ಹಳೆಯ ಮಾತು ಬದಲಾಗಿದೆ. ಊತ ಬಂದ ಕೈಯಿಂದಲೂ ತರಬೇತಿಯ ಪ್ರಕಾರ ಸ್ವಲ್ಪ ಸ್ವಲ್ಪವೇ ಭಾರ ಹೆಚ್ಚಿಸುತ್ತ ಹೋದರೆ ಊತ ಉಲ್ಬಣಿಸುವುದಿಲ್ಲ ಎಂದು 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ಯಾವಾಗ, ಎಷ್ಟು ಎಂಬುದನ್ನು ಫಿಸಿಯೋಥೆರಪಿಸ್ಟ್ ಹೇಳಬೇಕು.

ಕನ್ನಡಿಯ ಮುಂದೆ

ಬ್ಯಾಂಡೇಜು ಬಿಚ್ಚಿದ ದಿನ ಹೆಚ್ಚಿನ ಹೆಂಗಸರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಕೆಲವರು ವಾರಗಟ್ಟಲೆ ಕನ್ನಡಿಗೆ ಬೆನ್ನು ಹಾಕಿ ಬಟ್ಟೆ ಬದಲಿಸುತ್ತಾರೆ. ಗಂಡ ನೋಡಬೇಕೇ ಬೇಡವೇ? ಬಲವಂತ ಮಾಡಬಾರದು. ಆದರೆ ಡ್ರೆಸಿಂಗ್ ಮಾಡುವಾಗ ನರ್ಸ್ ‘ಹೊರಗಿರಿ’ ಎನ್ನುವ ಮೊದಲೇ ತಾನೇ ಹೊರಗೆ ಹೋಗಿಬಿಡುವ ಗಂಡ ತನಗರಿವಿಲ್ಲದೆ ಒಂದು ಉತ್ತರ ಕೊಟ್ಟಂತಾಯಿತು. ಮನೆಗೆ ಬಂದ ಮೇಲೆ ‘ಎಲ್ಲಿ ತಾಗಿಬಿಡುತ್ತೋ’ ಎಂಬ ಭಯದಿಂದ ಅವನು ಬೇರೆ ಕೋಣೆಯಲ್ಲಿ ಹಾಸಿಗೆ ಹಾಸುತ್ತಾನೆ. ಅವಳು ಅದನ್ನು ಅಸಹ್ಯವೆಂದು ಓದುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ. ದಾಂಪತ್ಯದ ವಿಷಯಗಳನ್ನು ಬಾಯಿಬಿಟ್ಟು ಆಡುವ ರೂಢಿ ನಮ್ಮಲ್ಲಿಲ್ಲ, ವೈದ್ಯರನ್ನು ಕೇಳುವುದಂತೂ ದೂರ. ‘ನಿನಗೆ ನೋವಾಗುತ್ತೇನೋ ಅಂತ ಅಲ್ಲಿ ಮಲಗಿದೆ, ಇಲ್ಲಿ ಮಲಗಲಾ?’ ಎಂಬ ಒಂದು ವಾಕ್ಯ ಹೇಳಲು ಕೆಲವು ಗಂಡಸರಿಗೆ ಮೂರು ತಿಂಗಳು ಬೇಕಾಗುತ್ತದೆ. ಅಂದಹಾಗೆ, ಕ್ಯಾನ್ಸರ್ ಅಂಟುರೋಗವಲ್ಲ. ತಟ್ಟೆ ಲೋಟ ಬೇರೆ ಇಡುವ ಮನೆಗಳು ಇನ್ನೂ ಇವೆ ಎಂಬ ಕಾರಣಕ್ಕೆ ಇದನ್ನು ಹೇಳಬೇಕಾಗಿದೆ.

ಹೋದ ಸ್ತನದ ಜಾಗಕ್ಕೆ ಸಿಲಿಕೋನಿನ ಕೃತಕ ಸ್ತನ ಅಂಗಡಿಯಲ್ಲಿ ಸಿಗುತ್ತದೆ. ದುಬಾರಿ ಎನಿಸಿದರೆ ಬಟ್ಟೆಯದನ್ನು ಮನೆಯಲ್ಲೂ ಹೊಲಿಯಬಹುದು. ಬರೀ ಹತ್ತಿ ತುಂಬಿದರೆ ಹಗುರವಾಗಿ ಮೇಲಕ್ಕೆ ಸರಿಯುತ್ತದೆ, ಸ್ವಲ್ಪ ತೂಕ ಬೇಕು. ಇದು ಬರೀ ಅಂದದ ಪ್ರಶ್ನೆಯಲ್ಲ. ಒಂದು ಬದಿ ಹಗುರಾದರೆ ಭುಜ, ಬೆನ್ನು ಓರೆಯಾಗಿ ನೋವು ಬರಬಹುದು. ಪ್ಲಾಸ್ಟಿಕ್ ಸರ್ಜರಿಯಿಂದ ಸ್ತನವನ್ನು ಮತ್ತೆ ರೂಪಿಸುವ ವಿಧಾನಗಳೂ ಇವೆ. ಬೇಕೋ ಬೇಡವೋ ಎಂಬ ನಿರ್ಧಾರ ಅವಳದ್ದು. ‘ಈ ವಯಸ್ಸಿಗೆ ಇದೆಲ್ಲ ಯಾಕೆ’ ಎನ್ನುವ ಹಕ್ಕು ಯಾರಿಗೂ ಇಲ್ಲ.

ಟೆರೀಸ್ ಲಾಸರ್ ಎಂಬ ನ್ಯೂಯಾರ್ಕಿನ ಮಹಿಳೆಗೆ 1952ರಲ್ಲಿ ಈ ಶಸ್ತ್ರಚಿಕಿತ್ಸೆಯಾದಾಗ ಇಂಥ ಪ್ರಶ್ನೆಗಳಿಗೆ ಉತ್ತರ ಹೇಳುವವರು ಯಾರೂ ಸಿಗಲಿಲ್ಲ. ಗುಣವಾದ ಮೇಲೆ ಆಕೆ ತಾನೇ ಆಸ್ಪತ್ರೆಗಳಿಗೆ ಹೋಗಿ, ಹೊಸದಾಗಿ ಆಪರೇಷನ್ ಆದ ಹೆಂಗಸರ ಹಾಸಿಗೆಯ ಪಕ್ಕ ಕೂತು ಮಾತಾಡತೊಡಗಿದರು. ಮುಂದೆ ಅದು ‘ರೀಚ್ ಟು ರಿಕವರಿ’ ಎಂಬ ದೊಡ್ಡ ಚಳವಳಿಯಾಯಿತು. 1974ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ತಮಗೆ ಸ್ತನದ ಕ್ಯಾನ್ಸರ್ ಆಪರೇಷನ್ ಆದದ್ದನ್ನು ಮುಚ್ಚಿಡದೆ ಹೇಳಿದಾಗ ಸಾವಿರಾರು ಹೆಂಗಸರು ತಪಾಸಣೆಗೆ ಹೋದರು. ಅಲ್ಲಿಯವರೆಗೆ ಆ ದೇಶದಲ್ಲೂ ಇದು ಪಿಸುಮಾತಿನ ರೋಗವೇ. ಇದೇ ದಾರಿ ದಾಟಿ ಬಂದ ಇನ್ನೊಬ್ಬ ಹೆಂಗಸನ್ನು ಹೆಂಡತಿಗೆ ಭೇಟಿ ಮಾಡಿಸಲು ಸಾಧ್ಯವಾದರೆ ಗಂಡ ಆ ಕೆಲಸವನ್ನು ಮಾಡಲೇಬೇಕು. ಅವನು ಎಷ್ಟೇ ಒಳ್ಳೆಯವನಾದರೂ ಕೊಡಲಾರದ ಧೈರ್ಯ ಅದು.

ಕೀಮೋ ದಿನಗಳು

ಕೀಮೋಥೆರಪಿಯನ್ನು ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ ಕೊಡುತ್ತಾರೆ. ಬೇರೆ ಲೆಕ್ಕಗಳೂ ಇವೆ. ಕೂದಲು ಉದುರಿಸುವ ಔಷಧಿಯಾದರೆ ಮೊದಲ ಸರದಿಯಾದ ಎರಡು ಮೂರು ವಾರಕ್ಕೆ ದಿಂಬಿನ ತುಂಬ ಕೂದಲು. ಮಾರುದ್ದ ಜಡೆ ಬೆಳೆಸಿದವಳಿಗೆ ಇದು ಆಪರೇಷನ್ನಿಗಿಂತ ಹೆಚ್ಚಿನ ಆಘಾತ. ಮೊದಲೇ ಗಿಡ್ಡ ಕತ್ತರಿಸಿಕೊಂಡರೆ ಒಂದಿಷ್ಟು ಸುಲಭ. ಹೊರಗೆ ಕೇಳಿದವರಿಗೆ ‘ತಿರುಪತಿಗೆ ಮುಡಿ ಕೊಟ್ಟೆ’ ಎಂದು ಹೇಳಿ ಪಾರಾಗುವ ಜಾಣೆಯರಿದ್ದಾರೆ. ತಿಮ್ಮಪ್ಪನಿಗೂ ಇದರಲ್ಲಿ ಬೇಸರವಿರಲಾರದು. ಔಷಧಿ ನಿಂತ ಮೇಲೆ ಕೂದಲು ಮತ್ತೆ ಬರುತ್ತದೆ.

ಈ ದಿನಗಳಲ್ಲಿ ಒಗ್ಗರಣೆಯ ವಾಸನೆಗೇ ವಾಕರಿಕೆ ಬರಬಹುದು, ಬಾಯಿ ಹುಣ್ಣಾಗಬಹುದು. ಗಂಜಿ, ಮೊಸರನ್ನ, ಆರಿಸಿದ ರಾಗಿ ಅಂಬಲಿ, ಖಾರವಿಲ್ಲದ ಬೇಳೆ ಕಟ್ಟು, ತಿನ್ನುವವರಿಗೆ ಬೇಯಿಸಿದ ಮೊಟ್ಟೆ ಇಳಿಯುತ್ತವೆ. ಗಾಯ ಮಾಯಲು ಪ್ರೋಟೀನ್ ಬೇಕು. ಹಾಲು ಬೇಡ, ಬೇಳೆ ಬೇಡ, ಹುಳಿ ಬೇಡ ಎಂದು ಪಥ್ಯದ ಪಟ್ಟಿ ಹೇಳುವವರು ಬಾಗಿಲಿಗೊಬ್ಬರಂತೆ ಬರುತ್ತಾರೆ. ಅವರಿಗೆ ಕಾಫಿ ಕೊಟ್ಟು ಕಳಿಸುವುದು ಮೇಲು. ಹೊತ್ತಿಗೆ ಸರಿಯಾಗಿ ಮೂರು ಊಟಕ್ಕೆ ಬದಲು ಎರಡು ಗಂಟೆಗೊಮ್ಮೆ ನಾಲ್ಕು ಚಮಚ ಕೊಡುವುದು ಹೆಚ್ಚು ಉಪಯೋಗ. ಅಂದರೆ ಗಂಡನಿಗೆ ಅನ್ನ, ಸಾರು, ಗಂಜಿಯಾದರೂ ಮಾಡಲು ಬರಬೇಕು. ಐವತ್ತು ವರ್ಷಕ್ಕೆ ಕುಕ್ಕರ್ ಸೀಟಿ ಎಣಿಸಲು ಕಲಿತರೆ ಮರ್ಯಾದೆ ಹೋಗುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಮನೆಮದ್ದಿಗೆ ಜಾಗವಿಲ್ಲ. ಕೀಮೋ ಕೊಟ್ಟ ಏಳರಿಂದ ಹದಿನಾಲ್ಕು ದಿನಗಳ ಆಸುಪಾಸಿನಲ್ಲಿ ರಕ್ತದ ಬಿಳಿಯ ಕಣಗಳು ತೀರ ಕಡಿಮೆಯಾಗಿರುತ್ತವೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ಅದು ಸಾಮಾನ್ಯ ಜ್ವರವಲ್ಲ. ಮಾತ್ರೆ ಕೊಟ್ಟು ಬೆಳಗಿನವರೆಗೆ ನೋಡೋಣ ಎನ್ನದೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಕೀಮೋ ನಡೆಯುತ್ತಿದೆ ಎಂಬುದನ್ನು ಬಾಗಿಲಲ್ಲೇ ಹೇಳಬೇಕು. ಮನೆಯಲ್ಲಿ ಥರ್ಮಾಮೀಟರ್ ಇರಬೇಕು, ಹೋಗಲು ಗಾಡಿ ಯಾರದು ಎಂಬುದು ಮುಂಚೆಯೇ ಗೊತ್ತಿರಬೇಕು. ಹಳ್ಳಿಯಲ್ಲಿರುವವರು ಆ ವಾರ ತಾಲ್ಲೂಕು ಕೇಂದ್ರದ ನೆಂಟರ ಮನೆಯಲ್ಲಿ ಉಳಿದರೂ ತಪ್ಪಿಲ್ಲ.

ಎರಡು ಕೀಮೋ ಆದ ಮೇಲೆ ಸುಸ್ತು ತಾಳಲಾರದೆ, ಯಾರೋ ಹೇಳಿದ ಬೇರು ತೊಗಟೆಯ ಪುಡಿಯನ್ನು ನಂಬಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವ ಕುಟುಂಬಗಳು ಎಷ್ಟೋ. ಬಿಟ್ಟ ಕೆಲವು ತಿಂಗಳು ಮೈಗೆ ಹಾಯೆನಿಸುತ್ತದೆ, ಪುಡಿಗೆ ಹೆಸರು ಬರುತ್ತದೆ. ರೋಗ ಮರಳಿ ಬರುವಾಗ ಪುಡಿ ಕೊಟ್ಟವರು ಜೊತೆಗಿರುವುದಿಲ್ಲ. ಬೇರೆ ಪದ್ಧತಿಯಲ್ಲಿ ನಂಬಿಕೆಯಿದ್ದರೆ ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ಹೇಳಿ ಕೇಳುವ ಧೈರ್ಯ ಗಂಡನಿಗಿರಬೇಕು.

ಮಕ್ಕಳಿಗೆ ಏನು ಹೇಳುವುದು?

‘ಪರೀಕ್ಷೆ ಹತ್ತಿರ ಬಂತು, ಮಕ್ಕಳಿಗೆ ಗೊತ್ತಾಗುವುದು ಬೇಡ’ ಎಂಬುದು ಎಲ್ಲ ಅಪ್ಪಂದಿರ ಮೊದಲ ತೀರ್ಮಾನ. ಅಪ್ಪ ಹಿತ್ತಲಲ್ಲಿ ನಿಂತು ಫೋನಿನಲ್ಲಿ ಪಿಸುಗುಟ್ಟುವುದನ್ನು, ಅಜ್ಜಿ ದೇವರ ಮುಂದೆ ಕಣ್ಣೊರೆಸಿಕೊಳ್ಳುವುದನ್ನು ಮಕ್ಕಳು ನೋಡುವುದಿಲ್ಲವೇ? ಹೈಸ್ಕೂಲಿನ ಹುಡುಗನಿಗೆ ಜೀವಕೋಶವೆಂದರೇನು ಎಂದು ಪಠ್ಯಪುಸ್ತಕ ಹೇಳಿರುತ್ತದೆ. ಔಷಧಿ ಚೀಟಿಯ ಮೇಲಿನ ಹೆಸರನ್ನು ಮೊಬೈಲಿನಲ್ಲಿ ಹುಡುಕಲು ಅವನಿಗೆ ಅರ್ಧ ನಿಮಿಷ ಸಾಕು. ಅಲ್ಲಿ ಕಾಣುವುದು ಅತಿ ಕೆಟ್ಟ ಚಿತ್ರ. ಅದಕ್ಕಿಂತ ಅಪ್ಪ ಅಮ್ಮ ಇಬ್ಬರೂ ಕೂತು ರೋಗದ ನಿಜವಾದ ಹೆಸರನ್ನೇ ಹೇಳಿ, ಏನು ತೆಗೆದಿದ್ದಾರೆ, ಮುಂದೆ ಏನೇನು ಚಿಕಿತ್ಸೆ, ಯಾವ ವಾರ ಅಮ್ಮನಿಗೆ ಸುಸ್ತಿರುತ್ತದೆ ಎಂದು ತಿಳಿಸುವುದು ಒಳ್ಳೆಯದು. ‘ಖಂಡಿತ ಏನೂ ಆಗುವುದಿಲ್ಲ’ ಎಂಬ ಭಾಷೆ ಕೊಡಬಾರದು. ‘ಡಾಕ್ಟರು ಹೇಳಿದ್ದೆಲ್ಲ ಮಾಡುತ್ತಿದ್ದೇವೆ, ಹೊಸದೇನಾದರೂ ಗೊತ್ತಾದರೆ ನಿಮ್ಮಿಂದ ಮುಚ್ಚಿಡುವುದಿಲ್ಲ’ ಎನ್ನಬಹುದು. ತೀರ ಸಣ್ಣ ಮಕ್ಕಳು ತಾವು ಹಟ ಮಾಡಿದ್ದರಿಂದಲೇ ಅಮ್ಮನಿಗೆ ಹೀಗಾಯಿತೆಂದು ಒಳಗೊಳಗೇ ನಂಬುವುದುಂಟು. ಹಾಗಲ್ಲವೆಂದು ಕೇಳುವ ಮೊದಲೇ ಹೇಳಬೇಕು. ತರಗತಿಯ ಮೇಷ್ಟ್ರಿಗೂ ಒಂದು ಮಾತು ತಿಳಿಸಿದ್ದರೆ, ಅಂಕ ಇಳಿದಾಗ ಹುಡುಗನಿಗೆ ಬೆತ್ತದ ಬದಲು ನೆರವು ಸಿಗುತ್ತದೆ.

ಇನ್ನೊಂದನ್ನು ನಿಷ್ಠುರವಾಗಿಯೇ ಹೇಳಬೇಕು. ಅಮ್ಮ ಮಲಗಿದಳೆಂದರೆ ನಮ್ಮ ಮನೆಗಳಲ್ಲಿ ಕಾಲೇಜು ತಪ್ಪುವುದು ಮಗಳಿಗೆ. ಅಣ್ಣನ ಟ್ಯೂಷನ್ ನಡೆಯುತ್ತಿರುತ್ತದೆ, ತಂಗಿ ಬೆಳಿಗ್ಗೆ ಐದಕ್ಕೆದ್ದು ಎಲ್ಲರ ಡಬ್ಬಿ ಕಟ್ಟಿ, ಅಮ್ಮನ ಡ್ರೆಸಿಂಗ್ ನೋಡಿ, ಹಾಜರಾತಿ ಸಾಲದೆ ಪರೀಕ್ಷೆಗೆ ಕೂರಲಾಗದೆ ಉಳಿಯುತ್ತಾಳೆ. ಇದನ್ನು ಯಾರೂ ತೀರ್ಮಾನಿಸಿರುವುದಿಲ್ಲ, ತಾನಾಗಿಯೇ ನಡೆದುಹೋಗುತ್ತದೆ. ಅಪ್ಪ ಒಂದು ಹಾಳೆಯ ಮೇಲೆ ಮನೆಗೆಲಸವನ್ನು ಪಟ್ಟಿ ಮಾಡಿ, ತನ್ನ ಹೆಸರನ್ನು ಮೊದಲು ಬರೆದು, ಮಗನ ಹೆಸರನ್ನು ಎರಡನೆಯದಾಗಿ ಬರೆದರೆ ಹುಡುಗಿಯ ಒಂದು ವರ್ಷ ಉಳಿಯುತ್ತದೆ. ಹಾಸಿಗೆಯಲ್ಲಿರುವ ತಾಯಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಔಷಧಿಯಲ್ಲಿಲ್ಲ.

ಮಗಳ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಕೊರೆಯುತ್ತಿರುತ್ತದೆ: ‘ನನಗೂ ಬರುತ್ತದೆಯೇ?’ ಸ್ತನದ ಕ್ಯಾನ್ಸರಿನಲ್ಲಿ ಸುಮಾರು ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರ ಹೆತ್ತವರಿಂದ ಬಂದ ಜೀನಿನ ದೋಷಕ್ಕೆ ಸಂಬಂಧಿಸಿದ್ದು. ಅಮ್ಮನಿಗೆ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ, ಚಿಕ್ಕಮ್ಮ, ಅಜ್ಜಿಗೂ ಇದ್ದಿದ್ದರೆ ವೈದ್ಯರನ್ನು ಕೇಳಿ ಪರೀಕ್ಷೆಯ ಅಗತ್ಯವಿದೆಯೇ ಎಂದು ತಿಳಿಯಬಹುದು. ಈ ದೋಷ ಅಪ್ಪನ ಕಡೆಯಿಂದಲೂ ಬರಬಹುದು ಎಂಬುದು ಹಲವರಿಗೆ ಗೊತ್ತಿಲ್ಲ. ಮದುವೆಯ ಮಾತುಕತೆಗೆ ಅಡ್ಡಿಯಾಗುತ್ತದೆಂದು ಅಮ್ಮನ ಕಾಯಿಲೆಯನ್ನೇ ಮುಚ್ಚಿಡುವವರಿದ್ದಾರೆ. ಆ ಭಯ ಸುಳ್ಳಲ್ಲ, ಆದರೆ ಮುಚ್ಚಿಟ್ಟದ್ದರಿಂದ ಮಗಳ ತಪಾಸಣೆ ತಪ್ಪಿದರೆ ನಷ್ಟ ಮದುವೆಗಿಂತ ದೊಡ್ಡದು.

ಫೈಲು ಮತ್ತು ದುಡ್ಡು

ಪ್ರತಿ ಕ್ಯಾನ್ಸರ್ ರೋಗಿಯ ಜೊತೆಗೂ ಒಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ ಇರುತ್ತದೆ, ಅದರೊಳಗೆ ಎಕ್ಸ್‌ರೇ, ಬಿಲ್ಲು, ಚೀಟಿ ಎಲ್ಲ ಕಲಸುಮೇಲೋಗರ. ಇದನ್ನು ತಾರೀಖಿನ ಪ್ರಕಾರ ಜೋಡಿಸಿದ ಫೈಲು ಮಾಡುವುದು ಗಂಡನ ಕೆಲಸವಾಗಲಿ. ಬಯಾಪ್ಸಿ ವರದಿ, ಆಪರೇಷನ್ನಿನ ನಂತರದ ಪೆಥಾಲಜಿ ವರದಿ, ಡಿಸ್ಚಾರ್ಜ್ ಕಾಗದ ಇವು ಮೇಲುಗಡೆ ಇರಲಿ. ಮುಂದಿನ ಚಿಕಿತ್ಸೆ ನಿಲ್ಲುವುದು ಇವುಗಳ ಮೇಲೆ.

ಬೆಂಗಳೂರಿನ ಕಿದ್ವಾಯಿ, ಹುಬ್ಬಳ್ಳಿಯ ಕರ್ನಾಟಕ ಕ್ಯಾನ್ಸರ್ ಸಂಸ್ಥೆ ಮುಂತಾದೆಡೆ ಬೇರೆ ಜಿಲ್ಲೆಗಳಿಂದ ಬರುವವರೇ ಹೆಚ್ಚು. ರೇಡಿಯೇಷನ್ ವಾರಕ್ಕೆ ಐದು ದಿನದಂತೆ ಮೂರರಿಂದ ಐದು ವಾರ ನಡೆಯುವುದರಿಂದ ಊರಿನಿಂದ ದಿನವೂ ಓಡಾಡುವುದು ಆಗದ ಮಾತು. ಕಿದ್ವಾಯಿಯಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿದ ಧರ್ಮಶಾಲೆ ಇದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಗೆ ಅವಕಾಶವಿದೆ. ಉಳಿದವರಿಗೆ ವೆಚ್ಚದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಮೀರದಂತೆ. ಪಡಿತರ ಚೀಟಿ, ಆಧಾರ್ ಆಸ್ಪತ್ರೆಗೆ ಹೋಗುವಾಗಲೇ ಜೊತೆಗಿರಲಿ. ಚಿಕಿತ್ಸೆಗೆ ಹೋಗಿ ಬರುವ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಅದಕ್ಕೆ ಆಸ್ಪತ್ರೆಯಿಂದ ಪ್ರಮಾಣಪತ್ರ ಬರೆಸಿಕೊಳ್ಳಬೇಕು.

ಈ ಓಡಾಟದಲ್ಲಿ ಗಂಡನೂ ಸವೆಯುತ್ತಾನೆ. ಆಫೀಸಿನ ರಜೆ ಮುಗಿದಿರುತ್ತದೆ, ಸಾಲದ ಲೆಕ್ಕ ತಲೆಯಲ್ಲಿರುತ್ತದೆ, ‘ಹೇಗಿದ್ದಾರೆ ಅವರು?’ ಎಂದು ಎಲ್ಲರೂ ಕೇಳುತ್ತಾರೆ, ‘ನೀನು ಹೇಗಿದ್ದೀಯ?’ ಎಂದು ಕೇಳುವವರಿಲ್ಲ. ರಾತ್ರಿ ನಿದ್ದೆಯಿಲ್ಲದೆ ಬಿಪಿ ಮಾತ್ರೆ ನುಂಗುವುದನ್ನೇ ಮರೆತ ಗಂಡಸರುಂಟು. ವಾರದಲ್ಲಿ ಒಂದು ಸಂಜೆ ಭಾವಮೈದುನನೋ ನೆರೆಮನೆಯವರೋ ಬಂದು ಕೂತು, ಅವನನ್ನು ಎರಡು ಗಂಟೆ ಹೊರಗೆ ಕಳಿಸಬೇಕು. ನೋಡಲು ಬರುವವರು ಮಾಡಬಹುದಾದ ದೊಡ್ಡ ಉಪಕಾರ ಇದು. ಹೀಗೆ ಬಂದವರು ತಮ್ಮ ದೊಡ್ಡಮ್ಮನ ಮಗಳು ಇದೇ ಕಾಯಿಲೆಯಲ್ಲಿ ಹೋದ ಕಥೆಯನ್ನು ದಯವಿಟ್ಟು ಮನೆಯಲ್ಲೇ ಬಿಟ್ಟು ಬರಲಿ.

ಬಾಯಿಯ ಕ್ಯಾನ್ಸರ್ ಆಪರೇಷನ್ ಆದ ಗಂಡಂದಿರ ಮನೆಗಳಲ್ಲಿ ಪಾತ್ರಗಳು ಅದಲುಬದಲು. ಅಲ್ಲಿ ಹೆಂಡತಿ ಮೂಗಿನ ಕೊಳವೆಯಲ್ಲಿ ಗಂಜಿ ಹನಿಸುತ್ತಾ, ತೊದಲಾದ ಮಾತನ್ನು ಅರ್ಥಮಾಡಿಕೊಳ್ಳುತ್ತಾ ಇರುತ್ತಾಳೆ. ಆ ಕಷ್ಟವನ್ನು ಇನ್ನೊಮ್ಮೆ ಬೇರೆಯಾಗಿಯೇ ಬರೆಯಬೇಕು.

ಚಿಕಿತ್ಸೆಯೆಲ್ಲ ಮುಗಿದ ದಿನ ಮನೆಯವರು ಸಿಹಿ ಹಂಚುತ್ತಾರೆ. ಅದೇ ದಿನ ಅವಳಿಗೆ ವಿಚಿತ್ರ ಭಯ ಶುರುವಾಗುವುದುಂಟು. ಇಷ್ಟು ದಿನ ವಾರಕ್ಕೊಮ್ಮೆ ಯಾರಾದರೂ ವೈದ್ಯರು ನೋಡುತ್ತಿದ್ದರು, ಇನ್ನು ಯಾರೂ ನೋಡುವುದಿಲ್ಲವಲ್ಲ ಎಂದು. ಬೆನ್ನು ನೋವು ಬಂದರೂ ಅದೇ ಇರಬಹುದೇ ಎಂಬ ಸಂಶಯ. ‘ಎಲ್ಲ ಮುಗೀತಲ್ಲ, ಇನ್ನೂ ಯಾಕೆ ಅದೇ ಯೋಚನೆ’ ಎಂದು ಗಂಡ ರೇಗುವುದು ಈ ಹಂತದಲ್ಲೇ. ಮೊದಲ ಕೆಲವು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ, ಉಳಿದ ಸ್ತನಕ್ಕೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಇರುತ್ತದೆ. ತಪಾಸಣೆಗೆ ಒಂದು ವಾರವಿರುವಾಗಲೇ ಅವಳಿಗೆ ನಿದ್ದೆ ಕೆಡುತ್ತದೆ, ಸಾರಿಗೆ ಉಪ್ಪು ಎರಡು ಸಲ ಬೀಳುತ್ತದೆ. ಕೆಲವು ಮನೆಗಳಲ್ಲಿ ಗಂಡ ಆ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತಾನೇ ಗುರುತು ಹಾಕಿ, ಆ ದಿನಕ್ಕೆ ರಜೆ ಬರೆದು, ಹಿಂದಿನ ರಾತ್ರಿ ಫೈಲನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ತೆಗೆದಿಟ್ಟಿರುತ್ತಾನೆ.